ಮೇಜಿನ ಮೇಲೊಂದು ಕಡಲು

ಇಂದು ನಿಮ್ಮೊಡನೆ ಕಡಲಿನ ಬಗ್ಗೆ ಮಾತನಾಡಲಿದ್ದೇನೆ. ಅಲೆ, ಹಡಗು, ಮರಳ ದಂಡೆಗಳ ದೊಡ್ಡ ಕಡಲಲ್ಲ. ನಲವತ್ತು ಲೀಟರ್ ಉಪ್ಪುನೀರು ಹಿಡಿಯುವ ಗಾಜಿನ ತೊಟ್ಟಿಯೊಳಗಿನ ಪುಟ್ಟ ಕಡಲು. ಅಂಥದೊಂದನ್ನು ಹೇಗೆ ಕಟ್ಟುತ್ತಾರೆ, ಕಟ್ಟಿದ ಮೇಲೆ ಹೇಗೆ ಕಾಪಾಡುತ್ತಾರೆ, ಅದರಲ್ಲಿ ಯಾರನ್ನು ಇರಿಸಬಹುದು, ಯಾರನ್ನು ಇರಿಸಲೇಬಾರದು ಎಂಬುದು ಇಂದಿನ ವಿಷಯ.

ಈ ಮಾತನ್ನು ಕರಾವಳಿಯಿಂದಲ್ಲ, ಚಿತ್ರದುರ್ಗದ ಚಂದ್ರವಳ್ಳಿಯಿಂದ ಆರಂಭಿಸುತ್ತೇನೆ. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಎಂಬ ಬೆಟ್ಟಗಳ ನಡುವಿನ ಕಣಿವೆ ಅದು. ಅಲ್ಲಿಂದ ಅರಬ್ಬೀ ಸಮುದ್ರಕ್ಕೆ ನೇರ ಗೆರೆ ಎಳೆದರೆ ಸುಮಾರು 200 ಕಿಲೋಮೀಟರ್. ನಡುವೆ ಪಶ್ಚಿಮ ಘಟ್ಟ ಅಡ್ಡ ನಿಂತಿದೆ. ಆ ಜಿಲ್ಲೆಯ ನೀರು ಕೂಡ ಅರಬ್ಬೀ ಸಮುದ್ರದ ಕಡೆಗೆ ಹರಿಯುವುದಿಲ್ಲ. ವೇದಾವತಿ, ತುಂಗಭದ್ರಾ, ಕೃಷ್ಣಾ ಎಂದು ಸುತ್ತಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಇಂಥ ಕಡೆ ಕಡಲಿನ ಮಾತೇಕೆ ಎಂದು ನೀವು ಕೇಳಬಹುದು.

ಕಾರಣಗಳು ಮೂರು. ಮೊದಲನೆಯದು ಕಲ್ಲಿನಲ್ಲಿದೆ. ಚಿತ್ರದುರ್ಗಕ್ಕೆ ಆಗ್ನೇಯದಲ್ಲಿರುವ ಮರಡಿಹಳ್ಳಿಯ ಬಳಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಬಂಡೆಗಳಿವೆ. ಕರಗಿದ ಶಿಲಾರಸ ನೀರಿನೊಳಗೆ ಉಕ್ಕಿ ಥಟ್ಟನೆ ತಣಿದಾಗ ಬರುವ ಆಕಾರ ಅದು. ಎಂದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಆ ನೆಲ ನೀರಿನಡಿ ಇತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಇದೇ ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಸ್ಟ್ರೊಮಾಟೊಲೈಟ್ ಎಂಬ ಪದರಗಲ್ಲುಗಳೂ ಸಿಕ್ಕಿವೆ. ಆಳವಿಲ್ಲದ ನೀರಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ದಿಬ್ಬಗಳು ಅವು. ಹವಳದ ಹುಳು ಹುಟ್ಟುವುದಕ್ಕೆ ಇನ್ನೂ ಇನ್ನೂರು ಕೋಟಿ ವರ್ಷ ಇದ್ದಾಗಲೇ ನಮ್ಮ ನೆಲದಲ್ಲಿ ಜೀವಿಗಳು ಕಲ್ಲು ಕಟ್ಟುತ್ತಿದ್ದವು.

ಎರಡನೆಯದು ನಾಣ್ಯದಲ್ಲಿದೆ. ಚಂದ್ರವಳ್ಳಿಯಲ್ಲಿ 1929ರ ಸುಮಾರಿಗೆ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಅಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ದೊರೆತಿವೆ. ಆ ಕಾಲದಲ್ಲಿ ರೋಮಿನ ಸರಕು ನಮ್ಮ ದೇಶಕ್ಕೆ ಬರುತ್ತಿದ್ದುದು ಹಡಗಿನಲ್ಲಿ. ಕ್ರಿಸ್ತಶಕ ಮೊದಲ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಕೈಪಿಡಿ ಭಾರತದ ಬಂದರುಗಳಿಗೆ ಬರುತ್ತಿದ್ದ ಸರಕುಗಳಲ್ಲಿ ಹವಳವನ್ನೂ ಹೆಸರಿಸುತ್ತದೆ. ಅದು ಮೆಡಿಟರೇನಿಯನ್ ಕಡಲಿನ ಕೆಂಪು ಹವಳ. ಅಜ್ಜಿಯರ ಸರದಲ್ಲಿ ನೀವು ಕಂಡಿರುವುದು ಅದನ್ನೇ.

ಮೂರನೆಯದು ನೀರಿನ ಪಾಲನೆ. ಕದಂಬರ ಮಯೂರಶರ್ಮನು ಕೆರೆಯೊಂದನ್ನು ಮಾಡಿಸಿದ ಸಂಗತಿಯನ್ನು ಹೇಳುವ ಪ್ರಾಕೃತ ಶಾಸನ ಚಂದ್ರವಳ್ಳಿಯ ಬಂಡೆಯ ಮೇಲಿದೆ. ಅದು ನಾಲ್ಕನೆಯ ಶತಮಾನದ್ದು. ರಾಜನೊಬ್ಬ ಕೆರೆ ಕಟ್ಟಿಸಿದ್ದನ್ನು ಕಲ್ಲಿನಲ್ಲಿ ಬರೆಸಿದನೆಂದರೆ ನೀರನ್ನು ಹಿಡಿದಿಡುವ ಕೆಲಸಕ್ಕೆ ಅಂದು ಎಷ್ಟು ಬೆಲೆಯಿತ್ತು ಎಂದು ತಿಳಿಯುತ್ತದೆ. ನಮ್ಮ ಹಿರಿಯರು ದೊಡ್ಡ ಕೆರೆಗಳನ್ನು ಸಮುದ್ರ, ಸಾಗರ ಎಂದೇ ಕರೆದರು. ಭೀಮಸಮುದ್ರ, ಹಿರಿಯೂರಿನ ವಾಣಿವಿಲಾಸ ಸಾಗರ ಎಂಬ ಹೆಸರುಗಳನ್ನು ನೆನೆಯಿರಿ. ಕೆರೆಗೆ ಕಡಲಿನ ಹೆಸರಿಟ್ಟ ನಾಡಿನಲ್ಲಿ ನಿಜವಾದ ಕಡಲಿನ ನೀರನ್ನು ಒಂದು ತೊಟ್ಟಿಯಲ್ಲಿ ಕಾಪಾಡುವುದು ಹೇಗೆಂದು ನೋಡೋಣ.

ಹವಳ: ಪ್ರಾಣಿ, ಸಸ್ಯ, ಕಲ್ಲು

ಹವಳದ ದಿಬ್ಬವನ್ನು ಕಟ್ಟುವುದು ಪಾಲಿಪ್ ಎಂಬ ಸಣ್ಣ ಪ್ರಾಣಿ. ಅದರದು ಚೀಲದಂಥ ಮೈ. ಬಾಯಿ ಒಂದೇ, ಸುತ್ತಲೂ ಸಣ್ಣ ಕೈಗಳು. ಕಡಲ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಹೀರಿ ತನ್ನ ಬುಡದಲ್ಲಿ ಸುಣ್ಣದ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಸಾವಿರಾರು ಪಾಲಿಪ್‌ಗಳು ಒತ್ತಾಗಿ ಬೆಳೆದು, ಹಳೆಯವುಗಳ ಮೇಲೆ ಹೊಸವು ಕಟ್ಟುತ್ತ ಹೋದರೆ ದಿಬ್ಬವಾಗುತ್ತದೆ.

ಈ ಪ್ರಾಣಿಯ ಅಂಗಾಂಶದೊಳಗೆ ಏಕಕೋಶದ ಪಾಚಿ ವಾಸಿಸುತ್ತದೆ. ಪಾಚಿಯು ಬೆಳಕಿನಲ್ಲಿ ದ್ಯುತಿಸಂಶ್ಲೇಷಣೆ ನಡೆಸಿ ಸಕ್ಕರೆಯನ್ನು ತಯಾರಿಸಿ, ಅದರಲ್ಲಿ ಬಹುಪಾಲನ್ನು ಮನೆಯೊಡೆಯನಿಗೆ ಕೊಡುತ್ತದೆ. ಮನೆಯೊಡೆಯನು ತನ್ನ ಕಶ್ಮಲದಲ್ಲಿರುವ ಸಾರಜನಕವನ್ನು ಪಾಚಿಗೆ ಗೊಬ್ಬರವಾಗಿ ಕೊಡುತ್ತಾನೆ. ಪಠ್ಯಪುಸ್ತಕದಲ್ಲಿ ಸಹಜೀವನ ಎಂದು ಓದಿದ್ದೀರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹವಳದ ಬಣ್ಣದಲ್ಲಿ ಈ ಪಾಚಿಯ ಪಾಲು ದೊಡ್ಡದು.

ಹವಳದ ದಿಬ್ಬಗಳು ಕಡಲ ತಳದಲ್ಲಿ ಶೇಕಡಾ ಒಂದಕ್ಕಿಂತಲೂ ಕಡಿಮೆ ಜಾಗದಲ್ಲಿವೆ. ಆದರೆ ಕಡಲಿನ ಜೀವಜಾತಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಬದುಕಿನ ಯಾವುದಾದರೊಂದು ಹಂತದಲ್ಲಿ ಅವುಗಳ ಆಸರೆ ಬೇಕು. ನಮ್ಮ ದೇಶದಲ್ಲಿ ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್, ಮನ್ನಾರ್ ಕೊಲ್ಲಿ, ಕಚ್ ಕೊಲ್ಲಿ ಇವು ಮುಖ್ಯ ಹವಳದ ನೆಲೆಗಳು. ಕರ್ನಾಟಕದಲ್ಲಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತಲೂ ಹವಳ ಬೆಳೆಯುತ್ತದೆ.

ಲಂಡನ್ನಿನ ಒಂದು ಮನೆಯಲ್ಲಿ

ಕಡಲಿನಿಂದ ದೂರದ ಊರಿನಲ್ಲಿ ಹವಳವನ್ನು ಜೀವಂತವಾಗಿ ಇರಿಸಬಹುದೆಂದು ಮೊದಲು ತೋರಿಸಿದವರಲ್ಲಿ ಆನಾ ಥಿನ್ ಎಂಬ ಮಹಿಳೆ ಪ್ರಮುಖಳು. 1846ರಲ್ಲಿ ಇಂಗ್ಲೆಂಡಿನ ಟಾರ್ಕಿ ಎಂಬ ತೀರದ ಊರಿನಿಂದ ಒಂಟಿ ಹವಳಗಳನ್ನು ಲಂಡನ್ನಿನ ತನ್ನ ಮನೆಗೆ ತಂದಳು. ನೀರು ಕೆಡತೊಡಗಿದಾಗ ಮನೆಗೆಲಸದವಳು ತೆರೆದ ಕಿಟಕಿಯ ಬಳಿ ನಿಂತು, ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮೇಲಿನಿಂದ ಸುರಿಯಬೇಕಿತ್ತು. ಹೀಗೆ ದಿನವೂ ಅರ್ಧ ಗಂಟೆಗೂ ಮೇಲ್ಪಟ್ಟು! ನಮ್ಮ ಹೋಟೆಲುಗಳಲ್ಲಿ ಕಾಫಿಯನ್ನು ಆರಿಸುವಂತೆ ಸುರಿದಾಗ ಗಾಳಿಯ ಆಮ್ಲಜನಕ ನೀರಿನಲ್ಲಿ ಬೆರೆಯುತ್ತದೆ. ಮುಂದೆ ಆಕೆ ಪಾತ್ರೆಗೆ ಕಡಲಪಾಚಿಯನ್ನೂ ಹಾಕಿದಳು. ಪಾಚಿ ಆಮ್ಲಜನಕ ಕೊಟ್ಟಿತು, ಕಶ್ಮಲವನ್ನು ಹೀರಿತು. ಹವಳಗಳು ಬಹುಕಾಲ ಬದುಕಿದವು. ಆಕೆಯ ಟಿಪ್ಪಣಿಗಳು 1859ರಲ್ಲಿ ಪ್ರಕಟವಾದವು.

ಅದೇ ಕಾಲದಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿ ವಿಜ್ಞಾನಿ 1854ರಲ್ಲಿ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದ. ಅದು ಎಷ್ಟು ಜನಪ್ರಿಯವಾಯಿತೆಂದರೆ, ಸಾವಿರಾರು ಜನ ಬುಟ್ಟಿ, ಉಳಿ, ಜಾಡಿ ಹಿಡಿದು ಕಡಲ ತೀರಕ್ಕೆ ನುಗ್ಗಿದರು. ಬಂಡೆಗಳ ನಡುವಿನ ಹೊಂಡಗಳಲ್ಲಿದ್ದ ಕಡಲ ಹೂಗಳು, ಹವಳ, ಸೀಗಡಿ ಎಲ್ಲವೂ ಗಾಜಿನ ಪೆಟ್ಟಿಗೆ ಸೇರಿದವು. ಅವುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತಿರಬೇಕು. ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ತಾನು ಬಾಲ್ಯದಲ್ಲಿ ಕಂಡ ಆ ಹೊಂಡಗಳ ಚೆಲುವು ಹೇಗೆ ಅಳಿದುಹೋಯಿತೆಂದು ನೊಂದು ಬರೆದಿದ್ದಾನೆ. ಕಡಲನ್ನು ಪ್ರೀತಿಸಿ ಬರೆದ ಪುಸ್ತಕದಿಂದಲೇ ಕಡಲ ದಂಡೆ ಬರಿದಾಯಿತು.

ಈ ಕಥೆಯನ್ನು ಹೇಳಿದ್ದಕ್ಕೆ ಕಾರಣವಿದೆ. ದೂರದರ್ಶನದ ತೆರೆಯ ಮೇಲೆ ಹವಳದ ದಿಬ್ಬವನ್ನು ತೋರಿಸುವ ನಮ್ಮಂಥವರಿಗೂ ಈ ಎಚ್ಚರ ಬೇಕು. ಕ್ಯಾಮೆರಾ ಬಣ್ಣವನ್ನು ತೋರಿಸುತ್ತದೆ, ನೀರಿನ ರಸಾಯನವನ್ನು ತೋರಿಸುವುದಿಲ್ಲ. ಬಣ್ಣ ಕಂಡವರಿಗೆ ಅದನ್ನು ಮನೆಗೆ ತರುವ ಆಸೆ ಹುಟ್ಟುತ್ತದೆ. ಆಸೆಯ ಜೊತೆಗೆ ಕಾನೂನನ್ನೂ ಲೆಕ್ಕವನ್ನೂ ಹೇಳುವುದು ನಮ್ಮ ಕೆಲಸ.

ಮೊದಲು ಕಾನೂನು

ಮನ್ನಾರ್ ಕೊಲ್ಲಿಯಲ್ಲಿ ಹಲವು ದಶಕಗಳ ಕಾಲ ಹವಳದ ದಿಬ್ಬವನ್ನು ಅಗೆದು ಸುಣ್ಣಕ್ಕೂ ಕಟ್ಟಡಕ್ಕೂ ಬಳಸುತ್ತಿದ್ದರು. 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವಂಥ ರಕ್ಷಣೆಯೇ ಹವಳಕ್ಕೂ ದೊರೆಯಿತು. ಕಡಲ ಕುದುರೆ, ಕಡಲ ಸೌತೆಗಳಿಗೂ ಅದೇ ವರ್ಷ ರಕ್ಷಣೆ ಸಿಕ್ಕಿತು. ಜೀವಂತ ಹವಳವಿರಲಿ, ದಂಡೆಗೆ ಬಂದು ಬಿದ್ದ ಸತ್ತ ತುಂಡನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ. ಪ್ರವಾಸದ ನೆನಪಿಗೆಂದು ಅಂಗಡಿಯಲ್ಲಿ ಕೊಳ್ಳಲೂಬೇಡಿ.

ಹಾಗಾದರೆ ನಮ್ಮ ಪುಟ್ಟ ಕಡಲಿನಲ್ಲಿ ಹವಳ ಇರುವುದಿಲ್ಲವೇ? ಇರುವುದಿಲ್ಲ. ವಿದ್ಯಾರ್ಥಿಯ ತೊಟ್ಟಿಗೆ ಹವಳ ಬೇಡ. ಹವಳವನ್ನು ಬದುಕಿಸಬಲ್ಲಂಥ ನೀರನ್ನು ಮಾಡಿ, ಅದನ್ನು ಒಂದು ವರ್ಷ ಕೆಡದಂತೆ ಕಾಪಾಡುವುದೇ ನಿಮ್ಮ ಮುಂದಿರುವ ಪ್ರಯೋಗ. ಅದರಲ್ಲಿ ಗೆದ್ದವರಿಗೆ ಹವಳದ ದಿಬ್ಬದ ಮುಕ್ಕಾಲು ವಿಜ್ಞಾನ ತಿಳಿದಂತೆ.

ತೊಟ್ಟಿ ಮತ್ತು ಅದರ ತಳ

45 ಸೆಂಟಿಮೀಟರ್ ಉದ್ದ, 30 ಅಗಲ, 35 ಎತ್ತರದ ಗಾಜಿನ ತೊಟ್ಟಿ ಸಾಕು. 30 ಸೆಂಟಿಮೀಟರ್‌ವರೆಗೆ ನೀರು ತುಂಬಿದರೆ 40.5 ಲೀಟರ್ ಆಗುತ್ತದೆ. ಗುಣಿಸಿ ನೋಡಿ. ನೀರು, ಗಾಜು, ಮರಳು ಸೇರಿ ತೂಕ ಸುಮಾರು 50 ಕಿಲೋಗ್ರಾಂ ಆಗುವುದರಿಂದ ಮೇಜು ಗಟ್ಟಿಯಾಗಿರಬೇಕು, ಅಲುಗಾಡಬಾರದು. ಬಿಸಿಲು ನೇರವಾಗಿ ಬೀಳುವ ಕಿಟಕಿಯಿಂದ ದೂರವಿಡಿ. ತುಂಬಿದ ಮೇಲೆ ತೊಟ್ಟಿಯನ್ನು ಸರಿಸಲಾಗದು.

ತಳಕ್ಕೆ ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸುಣ್ಣದಂಶದ ಮರಳನ್ನು ತೊಳೆದು ಹಾಕಿ. ದಿಬ್ಬದ ಜಾಗದಲ್ಲಿ ಕುಂಬಾರರಲ್ಲಿ ಸಿಗುವ, ಬಣ್ಣವನ್ನಾಗಲಿ ಹೊಳಪನ್ನಾಗಲಿ ಹಚ್ಚದ ಹೊಸ ಮಡಿಕೆಯ ಚೂರುಗಳನ್ನು ಜೋಡಿಸಿ. ಸುಟ್ಟ ಮಣ್ಣಿನ ತುಂಬ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಅವುಗಳಿಂದ ಆಗುವ ಉಪಕಾರವನ್ನು ಮುಂದೆ ಹೇಳುತ್ತೇನೆ.

ಚಿತ್ರದುರ್ಗದ ಕಡೆಯವರಿಗೆ ಇಲ್ಲಿ ಎರಡು ಎಚ್ಚರಿಕೆಗಳು. ಒಂದು, ಬೆಟ್ಟದ ಕಲ್ಲನ್ನು ತಂದು ತೊಟ್ಟಿಗೆ ಹಾಕಬೇಡಿ. ಊರಿನ ಪಕ್ಕದ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಗಣಿ ನಡೆಯುತ್ತಿತ್ತು. ಅಲ್ಲಿನ ಬಂಡೆಗಳಲ್ಲಿ ತಾಮ್ರದ ಅದಿರಿದೆ. ನಮಗೆ ತಾಮ್ರದ ಚೊಂಬಿನ ನೀರು ಒಗ್ಗಬಹುದು. ಆದರೆ ಸೀಗಡಿ, ಏಡಿ, ಬಸವನಹುಳು, ಹವಳ ಇಂಥ ಬೆನ್ನೆಲುಬಿಲ್ಲದ ಪ್ರಾಣಿಗಳಿಗೆ ಅತಿ ಸ್ವಲ್ಪ ತಾಮ್ರವೂ ವಿಷ. ಎರಡು, ಚಂದ್ರವಳ್ಳಿಯ ನೆಲದಲ್ಲಿ ಕಾಣುವ ಹಳೆಯ ಮಡಿಕೆ ಚೂರನ್ನು ಮುಟ್ಟಬೇಡಿ. ಅದು ಇತಿಹಾಸದ ಪುಟ. ಅದು ಬಿದ್ದಿರುವ ಜಾಗದಲ್ಲೇ ಅದಕ್ಕೆ ಅರ್ಥ. ಹವಳಕ್ಕೆ ಅನ್ವಯಿಸುವ ನ್ಯಾಯ ಹೆಂಚಿನ ಚೂರಿಗೂ ಅನ್ವಯಿಸುತ್ತದೆ.

ನೀರು ಮತ್ತು ಉಪ್ಪು

ತೆರೆದ ಕಡಲಿನ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಮುಕ್ಕಾಲಕ್ಕಿಂತ ಹೆಚ್ಚು ಭಾಗ ಅಡುಗೆ ಉಪ್ಪು. ಉಳಿದದ್ದು ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಮೊದಲಾದವು. ಈ ಉಳಿದದ್ದೇ ಬಲು ಮುಖ್ಯ. ಲೀಟರಿಗೆ ಸುಮಾರು 400 ಮಿಲಿಗ್ರಾಂ ಇರುವ ಕ್ಯಾಲ್ಸಿಯಂ ಇಲ್ಲದಿದ್ದರೆ ಹವಳಕ್ಕೆ ಕಲ್ಲಿಲ್ಲ, ಶಂಖಕ್ಕೆ ಚಿಪ್ಪಿಲ್ಲ. ಆದ್ದರಿಂದ ಅಡುಗೆ ಮನೆಯ ಉಪ್ಪನ್ನು ಕರಗಿಸಿದರೆ ಉಪ್ಪುನೀರಾಗುತ್ತದೆಯೇ ಹೊರತು ಕಡಲ ನೀರಾಗುವುದಿಲ್ಲ. ಎಲ್ಲ ಲವಣಗಳೂ ತಕ್ಕ ಪ್ರಮಾಣದಲ್ಲಿ ಬೆರೆತ ಕಡಲ ಉಪ್ಪಿನ ಪುಡಿ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. 40 ಲೀಟರ್ ನೀರಿಗೆ ಸುಮಾರು 1.4 ಕಿಲೋಗ್ರಾಂ ಬೇಕು. ಪೊಟ್ಟಣದ ಮೇಲಿನ ಸೂಚನೆಯಂತೆ ಬೇರೆ ಬಕೆಟ್ಟಿನಲ್ಲಿ ಬೆರೆಸಿ, ಒಂದು ದಿನ ಗಾಳಿಯಾಡಿಸಿ, ಆಮೇಲೆ ತೊಟ್ಟಿಗೆ ಹಾಕಿ.

ಉಪ್ಪು ಎಷ್ಟಿದೆಯೆಂದು ನಾಲಗೆಯಿಂದಲ್ಲ, ಹೈಡ್ರೋಮೀಟರಿನಿಂದ ತಿಳಿಯಬೇಕು. ಕೋಣೆಯ ಉಷ್ಣತೆಯಲ್ಲಿ ಕಡಲ ನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರುತ್ತದೆ. ನಿಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಸಾಂದ್ರತಾ ಸೀಸೆಯಿಂದಲೂ ಇದನ್ನು ಅಳೆಯಬಹುದು. ಎಂದೋ ಮಾಡಿ ಮರೆತ ಪ್ರಯೋಗಕ್ಕೆ ಇಲ್ಲಿ ಜೀವ ಬರುತ್ತದೆ.

ಉಪ್ಪು ಬೆರೆಸಲು ಯಾವ ನೀರು? ನಮ್ಮ ಬಯಲುಸೀಮೆಯ ಕೊಳವೆಬಾವಿಯ ನೀರು ಬೇಡ. ಅದು ಗಡಸು, ಹಲವೆಡೆ ಅದರಲ್ಲಿ ಫ್ಲೋರೈಡೂ ಹೆಚ್ಚು. ಹಳ್ಳಿ ಹಳ್ಳಿಯಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಸಿಗುವ ನೀರು ಇದಕ್ಕೆ ಒಳ್ಳೆಯದು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗುವಂತೆ ತೆರೆದ ಪಾತ್ರೆಯಲ್ಲಿ ಒಂದು ದಿನವಾದರೂ ಇಡಬೇಕು.

ಕಣ್ಣಿಗೆ ಕಾಣದ ಕೆಲಸಗಾರರು

ತೊಟ್ಟಿ ಸಿದ್ಧವಾಯಿತು, ನೀರು ತಿಳಿಯಾಗಿದೆ, ಗಾಳಿಯ ಪಂಪು ಗುಳುಗುಳು ಎನ್ನುತ್ತಿದೆ. ಈಗಲೇ ಒಂದು ಜೀವವನ್ನು ಬಿಡೋಣ ಎನ್ನಿಸುತ್ತದೆ. ಬಿಡಬಾರದು. ನಾಲ್ಕರಿಂದ ಆರು ವಾರ ಕಾಯಬೇಕು.

ಏಕೆಂದರೆ ಪ್ರಾಣಿಗಳ ಕಶ್ಮಲದಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಅದು ವಿಷ. ಕಡಲ ನೀರು ಸ್ವಲ್ಪ ಕ್ಷಾರೀಯ, ಅದರ ಪಿಎಚ್ ಸುಮಾರು 8.1ರಿಂದ 8.3. ಕ್ಷಾರೀಯ ನೀರಿನಲ್ಲಿ ಅಮೋನಿಯದ ವಿಷ ಇನ್ನೂ ತೀವ್ರ. ನಿಸರ್ಗದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ನೈಟ್ರೈಟನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಈ ಎರಡು ಹಂತಗಳ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ತೋರಿಸಿದ. ಹೊಲದ ಮಣ್ಣಿನಲ್ಲಿ ಗೊಬ್ಬರವನ್ನು ಬೆಳೆಗೆ ಒಗ್ಗಿಸುವುದೂ ಇದೇ ಬಳಗ.

ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳ ಸಂಖ್ಯೆ ತೀರ ಕಡಿಮೆ. ಮರಳು ಕಣಗಳ ಮೇಲೆ, ಮಡಿಕೆ ಚೂರಿನ ರಂಧ್ರಗಳಲ್ಲಿ ಅವು ಮನೆ ಮಾಡಬೇಕು. ಅದಕ್ಕೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೇ ಹಾಕುತ್ತ ಹೋಗಿ. ಪರೀಕ್ಷಾ ಕಿಟ್ಟಿನಿಂದ ಎರಡು ದಿನಕ್ಕೊಮ್ಮೆ ಅಳೆದು, ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಮೊದಲು ಅಮೋನಿಯದ ಗೆರೆ ಏರಿ ಇಳಿಯುತ್ತದೆ. ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಅದೂ ಇಳಿದ ಮೇಲೆ ನೈಟ್ರೇಟ್ ಮಾತ್ರ ಮೆಲ್ಲಗೆ ಏರುತ್ತಿರುತ್ತದೆ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಒಂದು ವಾರ ಅಲ್ಲೇ ನಿಂತರೆ ತೊಟ್ಟಿ ಪಕ್ವವಾಯಿತೆಂದು ತಿಳಿಯಿರಿ. ಮರಡಿಹಳ್ಳಿಯ ಶಿಲಾರಸ ಉಕ್ಕಿದ ಯುಗದಲ್ಲಿ ಕಲ್ಲು ಕಟ್ಟಿದವರೂ ಸೂಕ್ಷ್ಮಜೀವಿಗಳೇ, ಇಂದು ನಿಮ್ಮ ತೊಟ್ಟಿಯನ್ನು ವಾಸಯೋಗ್ಯ ಮಾಡುವವರೂ ಸೂಕ್ಷ್ಮಜೀವಿಗಳೇ.

ಆವಿಯ ಲೆಕ್ಕ

ಈಗ ನಮ್ಮ ವಿಷಯದ ತಿರುಳಿಗೆ ಬರೋಣ. ತೊಟ್ಟಿ ಚಿಕ್ಕದಾದರೆ ಕೆಲಸವೂ ಚಿಕ್ಕದು ಎಂದು ಅನೇಕರು ಭಾವಿಸುತ್ತಾರೆ. ವಾಸ್ತವ ಇದಕ್ಕೆ ತೀರ ವಿರುದ್ಧ.

ನಮ್ಮ ತೊಟ್ಟಿಯ ನೀರಿನ ಮೇಲ್ಮೈ 45 ಗುಣಿಸು 30, ಎಂದರೆ 1,350 ಚದರ ಸೆಂಟಿಮೀಟರ್. ದಿನಕ್ಕೆ ಅರ್ಧ ಸೆಂಟಿಮೀಟರ್ ನೀರು ಆವಿಯಾಯಿತೆಂದು ಇಟ್ಟುಕೊಳ್ಳಿ. 675 ಮಿಲಿಲೀಟರ್ ಹೋಯಿತು. ಹೋದದ್ದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯಿತು. ಆರು ದಿನ ಯಾರೂ ನೋಡದಿದ್ದರೆ 4 ಲೀಟರಿಗಿಂತ ತುಸು ಹೆಚ್ಚು ನೀರು, ಎಂದರೆ ಶೇಕಡಾ 10ರಷ್ಟು ಆವಿಯಾಗಿ, 35 ಇದ್ದ ಲವಣಾಂಶ 39ರ ಹತ್ತಿರಕ್ಕೆ ಏರುತ್ತದೆ. ಆರು ದಿನಗಳಲ್ಲಿ ಇಷ್ಟು ಬದಲಾವಣೆ ತೆರೆದ ಕಡಲಿನಲ್ಲಿ ಆಗುವುದೇ ಇಲ್ಲ. ಅಲ್ಲಿನ ಪ್ರಾಣಿಗಳು ಅದಕ್ಕೆ ಸಿದ್ಧವಾಗಿಲ್ಲ. ಅದೇ 400 ಲೀಟರಿನ ಆಳವಾದ ತೊಟ್ಟಿಯಲ್ಲಿ ಇಷ್ಟೇ ಮೇಲ್ಮೈಯಿಂದ ಇಷ್ಟೇ ನೀರು ಹೋದರೆ ನಷ್ಟ ಶೇಕಡಾ 1 ಮಾತ್ರ.

ಆದ್ದರಿಂದ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಹಾಕಿ. ದಿನವೂ ಅದೇ ಹೊತ್ತಿಗೆ, ಆ ಗೆರೆ ಮುಟ್ಟುವವರೆಗೆ ಸಿಹಿನೀರನ್ನು ಮೆಲ್ಲಗೆ ಸೇರಿಸಿ. ಆವಿಯಾದ ನೀರಿಗೆ ಬದಲಾಗಿ ಉಪ್ಪುನೀರು ಹಾಕಿದರೆ ಉಪ್ಪು ದಿನದಿಂದ ದಿನಕ್ಕೆ ಏರುತ್ತದೆ. ಗಾಜಿನ ಮುಚ್ಚಳವಿದ್ದರೆ ಆವಿ ಕಡಿಮೆಯಾಗುತ್ತದೆ.

ಬೇಸಿಗೆ ಮತ್ತು ಕರೆಂಟು

ಉಷ್ಣವಲಯದ ಕಡಲಿನ ಜೀವಿಗಳಿಗೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ. ಏಪ್ರಿಲ್ ತಿಂಗಳಲ್ಲಿ ಚಿತ್ರದುರ್ಗದ ಮನೆಯೊಳಗೆ ಅದಕ್ಕಿಂತ ಐದಾರು ಡಿಗ್ರಿ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಬೇಸಿಗೆಯಲ್ಲಿ ಹೂಜಿಯ ನೀರು ತಣ್ಣಗಿರುವ ಗುಟ್ಟು ನಿಮಗೆ ಗೊತ್ತು. ಆವಿಯಾಗುವ ನೀರು ಉಳಿದ ನೀರಿನಿಂದ ಶಾಖವನ್ನು ಸೆಳೆದುಕೊಂಡು ಹೋಗುತ್ತದೆ. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನಿನ ಗಾಳಿ ಬಿಟ್ಟರೆ ತೊಟ್ಟಿಯೂ ಹಾಗೆಯೇ ಒಂದೆರಡು ಡಿಗ್ರಿ ತಣಿಯುತ್ತದೆ. ಆದರೆ ಆಗ ಆವಿಯೂ ಹೆಚ್ಚು, ಸೇರಿಸಬೇಕಾದ ಸಿಹಿನೀರೂ ಹೆಚ್ಚು. ಒಂದನ್ನು ಸರಿಪಡಿಸಲು ಹೋದರೆ ಇನ್ನೊಂದು ಬದಲಾಗುತ್ತದೆ. ಚಿಕ್ಕ ತೊಟ್ಟಿ ಕಲಿಸುವ ದೊಡ್ಡ ಪಾಠ ಇದೇ.

ಒಂದೆರಡು ಡಿಗ್ರಿಗೆ ಇಷ್ಟೇಕೆ ಗಾಬರಿ ಎನ್ನುವಿರಾ? ಬೇಸಿಗೆಯ ಮಾಮೂಲು ಗರಿಷ್ಠ ಉಷ್ಣತೆಗಿಂತ ಕಡಲು ಕೇವಲ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಇದ್ದರೆ ಹವಳವು ತನ್ನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೇಗ ತಣಿಯದಿದ್ದರೆ ಹಸಿದು ಸಾಯುತ್ತದೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದ ಹವಳ ಹೀಗೆ ಬೆಳ್ಳಗಾಯಿತು. 2023ರಲ್ಲಿ ಆರಂಭವಾದ ಇನ್ನೊಂದು ಜಾಗತಿಕ ಬಿಳುಪನ್ನು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಆ ವರ್ಷವೂ ಲಕ್ಷದ್ವೀಪ ಪಾರಾಗಲಿಲ್ಲ. ತೊಟ್ಟಿಗೆ ಫ್ಯಾನು ಹಾಕಬಹುದು, ಕಡಲಿಗೆ ಹಾಕಲಾಗದು.

ಕರೆಂಟು ಹೋದಾಗ ಆಮ್ಲಜನಕದ ಚಿಂತೆ. 25 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. ಕಡಲ ನೀರು ಹಿಡಿಯುವುದು ಸುಮಾರು 6.7 ಮಾತ್ರ. ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಇಟ್ಟುಕೊಂಡರೆ ಒಳಿತು. ಅದೂ ಇಲ್ಲದಿದ್ದರೆ ಆನಾ ಥಿನ್ ಮನೆಯ ಉಪಾಯವಿದೆ: ಲೋಟದಲ್ಲಿ ನೀರನ್ನು ಎತ್ತಿ ಎತ್ತಿ ಸುರಿಯಿರಿ. ಪಂಪು, ದೀಪ, ಫ್ಯಾನುಗಳ ವೈರು ಪ್ಲಗ್ಗಿಗಿಂತ ಕೆಳಕ್ಕೆ ಇಳಿಬಿದ್ದು ಆಮೇಲೆ ಮೇಲೇರುವಂತೆ ಇರಲಿ. ವೈರಿನ ಮೇಲೆ ಜಾರಿದ ಉಪ್ಪುನೀರು ಆಗ ಪ್ಲಗ್ಗನ್ನು ಮುಟ್ಟದೆ ಕೆಳಗೆ ತೊಟ್ಟಿಕ್ಕುತ್ತದೆ. ತೊಟ್ಟಿಗೆ ಕೈಹಾಕುವ ಮೊದಲು ಸ್ವಿಚ್ಚು ಆರಿಸಿ.

ಯಾರನ್ನು ಇರಿಸಬಹುದು?

ಮೊದಲ ಅತಿಥಿಯಾಗಿ ಆರ್ಟೀಮಿಯ ಎಂಬ ಉಪ್ಪುನೀರಿನ ಪುಟ್ಟ ಪ್ರಾಣಿಯನ್ನು ಸೂಚಿಸುತ್ತೇನೆ. ಇದು ಉಪ್ಪು ಸರೋವರಗಳ ವಾಸಿ. ಒಣಗಿದ ಅದರ ಮೊಟ್ಟೆಗಳು ರಾಗಿಗಿಂತಲೂ ಸಣ್ಣ. ವರ್ಷಗಟ್ಟಲೆ ಡಬ್ಬಿಯಲ್ಲಿ ಸುಮ್ಮನಿದ್ದು, ಉಪ್ಪುನೀರಿಗೆ ಬಿದ್ದ ಒಂದೆರಡು ದಿನಗಳಲ್ಲಿ ಮರಿಯಾಗುತ್ತವೆ. ಭೂತಗನ್ನಡಿಯಲ್ಲಿ ಅದರ ಈಜು, ಪೊರೆ ಕಳಚುವಿಕೆ, ಬೆಳವಣಿಗೆ ಎಲ್ಲವನ್ನೂ ನೋಡಬಹುದು. ಸೀಗಡಿ ಮರಿಕೇಂದ್ರಗಳಲ್ಲಿ ಇದನ್ನೇ ಆಹಾರವಾಗಿ ಬಳಸುವುದರಿಂದ ಮೊಟ್ಟೆ ಮಾರಾಟಕ್ಕೆ ಸಿಗುತ್ತದೆ. ಕಡಲಿನಿಂದ ಯಾರನ್ನೂ ಕದಿಯಬೇಕಾಗಿಲ್ಲ.

ಎರಡನೆಯ ಹಂತದಲ್ಲಿ, ತೊಟ್ಟಿಗಳಲ್ಲೇ ಬೆಳೆಸಿದ ಹಸಿರು ಕಡಲಪಾಚಿಯ ಒಂದು ಎಸಳನ್ನು ಮತ್ತೊಬ್ಬ ಹವ್ಯಾಸಿಯಿಂದ ತಂದು ನೆಡಿ. ದಿನಕ್ಕೆ ಎಂಟು ಗಂಟೆ ಎಲ್‌ಇಡಿ ಬೆಳಕು ಕೊಡಿ. ಪಾಚಿಯು ನೈಟ್ರೇಟನ್ನು ಹೀರಿ ಬೆಳೆಯುತ್ತದೆ. ಹೆಚ್ಚಾದದ್ದನ್ನು ಕತ್ತರಿಸಿ ತೆಗೆದರೆ ನೀರಿನ ಕಶ್ಮಲವನ್ನೇ ತೆಗೆದಂತೆ. ಅದರ ಜೊತೆ ಬಂದ ಚುಕ್ಕೆಯಷ್ಟು ಸಣ್ಣ ಜೀವಿಗಳು ಗಾಜಿನ ಮೇಲೆ ಹರಿದಾಡತೊಡಗಿದರೆ ನಿಮ್ಮ ನೀರು ಜೀವಕ್ಕೆ ಒಗ್ಗಿದೆ ಎಂದರ್ಥ.

ಮೀನಿನ ಆಸೆಯಿದ್ದವರು ಒಂದು ವರ್ಷದ ಅನುಭವವಾದ ಮೇಲೆ, ಶಾಲೆ ಕಾಲೇಜಿನಲ್ಲಿ ನೂರು ಲೀಟರಿಗೆ ಮೇಲ್ಪಟ್ಟ ತೊಟ್ಟಿ ಮಾಡಿ ಯೋಚಿಸಬಹುದು. ಆಗಲೂ ಮರಿಕೇಂದ್ರದಲ್ಲಿ ಹುಟ್ಟಿದ ಮೀನನ್ನೇ ಕೇಳಿ ಪಡೆಯಿರಿ. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ಕಡಲಿನಲ್ಲಿ ಹಿಡಿದ ಮೀನು ಯಾವ ದಿಬ್ಬದಿಂದ, ಹೇಗೆ ಬಂತೆಂದು ಅಂಗಡಿಯವರಿಗೂ ತಿಳಿದಿರುವುದಿಲ್ಲ.

ಇನ್ನೊಂದು ಮಾತು. ತೊಟ್ಟಿಯ ನೀರನ್ನಾಗಲಿ ಪಾಚಿಯನ್ನಾಗಲಿ ಕೆರೆಗೆ, ಕಡಲಿಗೆ ಸುರಿಯಬೇಡಿ. ಕಾಲರ್ಪ ಎಂಬ ಹಸಿರು ಪಾಚಿಯ ಅಕ್ವೇರಿಯಂ ತಳಿಯೊಂದು 1984ರಲ್ಲಿ ಮೊನಾಕೊದ ಕಡಲಿನಲ್ಲಿ ಸ್ವಲ್ಪವೇ ಜಾಗದಲ್ಲಿ ಕಾಣಿಸಿಕೊಂಡಿತು. ಮುಂದೆ ಮೆಡಿಟರೇನಿಯನ್‌ನ ಸಾವಿರಾರು ಹೆಕ್ಟೇರ್ ತಳಕ್ಕೆ ಹಬ್ಬಿತು. ಹಳೆಯ ಉಪ್ಪುನೀರನ್ನು ಬಚ್ಚಲಿಗೆ ಬಿಡಿ, ಕತ್ತರಿಸಿದ ಪಾಚಿಯನ್ನು ಒಣಗಿಸಿ ಕಸಕ್ಕೆ ಹಾಕಿ.

ದಿನಚರಿ

ದಿನವೂ ಹತ್ತು ನಿಮಿಷ: ಉಷ್ಣತೆ ನೋಡಿ ಬರೆಯುವುದು, ಗೆರೆಯವರೆಗೆ ಸಿಹಿನೀರು ಸೇರಿಸುವುದು, ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಆಹಾರ ಹಾಕುವುದು. ಹಸಿವಿನಿಂದ ಸತ್ತ ತೊಟ್ಟಿಗಳಿಗಿಂತ ಹೆಚ್ಚು ಉಣಿಸಿ ಕೆಟ್ಟ ತೊಟ್ಟಿಗಳೇ ಹೆಚ್ಚು. ವಾರಕ್ಕೊಮ್ಮೆ ಒಂದು ಗಂಟೆ: ಸಾಪೇಕ್ಷ ಸಾಂದ್ರತೆ, ನೈಟ್ರೇಟ್ ಅಳೆಯುವುದು, ಗಾಜು ಒರೆಸುವುದು, ಹತ್ತನೆಯ ಒಂದು ಪಾಲು, ಎಂದರೆ 4 ಲೀಟರ್ ಹಳೆಯ ನೀರನ್ನು ತೆಗೆದು ಹೊಸ ಉಪ್ಪುನೀರು ಹಾಕುವುದು. ಸೋಪು ಮುಟ್ಟಿದ ಕೈಯನ್ನು ಚೆನ್ನಾಗಿ ತೊಳೆಯದೆ ನೀರಿಗೆ ಇಳಿಸಬಾರದು. ಮನೆಯಲ್ಲಿ ಸೊಳ್ಳೆ ಔಷಧ ಸಿಂಪಡಿಸುವಾಗ ತೊಟ್ಟಿಯನ್ನು ಮುಚ್ಚಿ, ಹೊರಗಿನ ಗಾಳಿ ಎಳೆಯುವ ಪಂಪನ್ನು ಆ ಹೊತ್ತಿಗೆ ನಿಲ್ಲಿಸಿ.

ಊರಿಗೆ ಹೋಗುವಾಗ ಏನು ಮಾಡುವಿರಿ? ತೊಟ್ಟಿ ಕೊಳ್ಳುವ ಮೊದಲೇ ಈ ಪ್ರಶ್ನೆಗೆ ಉತ್ತರ ಹುಡುಕಿ. ನಿಮ್ಮಂತೆಯೇ ಲೆಕ್ಕ ಬಲ್ಲ ಒಬ್ಬ ಗೆಳೆಯ ಅಥವಾ ಗೆಳತಿ ಇಲ್ಲದಿದ್ದರೆ ಈ ಹವ್ಯಾಸಕ್ಕೆ ಕೈಹಾಕಬೇಡಿ. ಒಬ್ಬರ ತೊಟ್ಟಿಗಿಂತ ತರಗತಿಯ ತೊಟ್ಟಿ ಮೇಲು. ಸರದಿಯಂತೆ ನೋಡಿಕೊಳ್ಳಬಹುದು, ಒಂದೇ ನೋಟ್‌ಬುಕ್ಕಿನಲ್ಲಿ ಎಲ್ಲರೂ ಬರೆಯಬಹುದು.

ಒಂದು ವರ್ಷ ಹೀಗೆ ನಡೆಸಿದ ತರಗತಿಯ ಕೈಯಲ್ಲಿ ಏನಿರುತ್ತದೆ? ಹಸಿರು ಪಾಚಿಯ ಒಂದು ಪೊದೆ, ಚುಕ್ಕೆಯಂಥ ಕೆಲವು ಜೀವಿಗಳು, ಅಂಕಿಗಳು ತುಂಬಿದ ಒಂದು ನೋಟ್‌ಬುಕ್. ನೋಡಲು ಇಷ್ಟೇ. ಆದರೆ ಆ ನೋಟ್‌ಬುಕ್ಕಿನಲ್ಲಿ ಬಿಸಿಲಿಗೂ ಉಪ್ಪಿಗೂ, ಉಪ್ಪಿಗೂ ಉಸಿರಿಗೂ ಇರುವ ನಂಟು ನಿಮ್ಮದೇ ಕೈಬರಹದಲ್ಲಿರುತ್ತದೆ. ನಲವತ್ತು ಲೀಟರನ್ನು ಸಮತೋಲದಲ್ಲಿಡಲು ಎಷ್ಟು ಎಚ್ಚರ ಬೇಕೆಂದು ಬಲ್ಲವರು ಬೇಸಿಗೆಯಲ್ಲಿ ತಗ್ಗುತ್ತ ಉಪ್ಪಾಗುವ ಊರ ಕೆರೆಯನ್ನೂ, ಬಿಸಿಯಾಗುತ್ತಿರುವ ಕಡಲನ್ನೂ ಬೇರೆ ಕಣ್ಣಿನಿಂದ ನೋಡುತ್ತಾರೆ. ನೀರು ಚಿಕ್ಕದಾದಷ್ಟೂ ಹೊಣೆ ದೊಡ್ಡದು. ಆ ಹೊಣೆಯನ್ನು ಹೊರಲು ಒಪ್ಪುವಿರಾದರೆ ತೊಟ್ಟಿ ಕಟ್ಟಿ. ಇಲ್ಲವಾದರೆ ರಜೆಯಲ್ಲಿ ಕಡಲ ತೀರಕ್ಕೆ ಹೋಗಿ, ಇಳಿತದ ಹೊತ್ತಿನಲ್ಲಿ ಬಂಡೆಯ ಹೊಂಡದ ಪಕ್ಕ ಅರ್ಧ ಗಂಟೆ ಸುಮ್ಮನೆ ಕೂತು ನೋಡಿ, ಏನನ್ನೂ ಎತ್ತಿಕೊಳ್ಳದೆ ಹಿಂದಿರುಗಿ. ಅದೂ ವಿಜ್ಞಾನದ ಪಾಠವೇ.